ಬೋರ್ಡಿಗೆ ಉತ್ತರ ಕೊಟ್ಟ ಓಣಿ

ವೆನಿಂಗ್ ಅರಿಶಿನದ ಮೇಲೆ ಬರೆಯಲು ಕುಳಿತರೆ ಅರಿಶಿನ ಬೆಳೆಯುವ ಮಣ್ಣು, ಆ ಮಣ್ಣಿಗೆ ಬೀಳುವ ಮಳೆ, ಆ ಮಳೆ ತರುವ ಗಾಳಿ, ಎಲ್ಲವನ್ನೂ ಒಂದೊಂದಾಗಿ ಮಾತಾಡಿಸಿಕೊಂಡು ಮತ್ತೆ ಅರಿಶಿನಕ್ಕೆ ಬರುವಷ್ಟರಲ್ಲಿ ಎರಡು ಸಾವಿರ ಪದ ಆಗಿರುತ್ತಿತ್ತು. ಅವಳೆದುರಿನ ಮೇಜಿನ ರೋಕಿಮ್ ಮೂರು ಪದ ಬರೆದು ಕಾಫಿ ಕುಡಿಯಲು ಹೋಗುತ್ತಿದ್ದ. ಸೋಲೊ ಪಟ್ಟಣದ ಆ ಪುಟ್ಟ ಜಾಹೀರಾತು ಆಫೀಸಿನಲ್ಲಿ ಇಬ್ಬರಿಗೂ ಒಂದೇ ಸಂಬಳ. ಇದು ಯಾವ ಊರಿನ ನ್ಯಾಯ ಎಂದು ವೆನಿಂಗ್ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

“ನಿಂದು ಕಂಟೆಂಟು, ನಂದು ಕಾಪಿ, ಜಾಹೀರಾತಿನ ಸಾಲು,” ಎನ್ನುತ್ತಿದ್ದ ರೋಕಿಮ್. “ನಿನ್ನ ಬರಹ ಓದಿದೋನು ಜಾಣ ಆಗ್ತಾನೆ. ನನ್ನ ಬರಹ ಓದಿದೋನು ಎದ್ದು ಅಂಗಡಿಗೆ ಹೋಗ್ತಾನೆ. ಜಾಣರು ಯಾರಿಗೆ ಬೇಕು ಹೇಳು?”

“ಅಂಗಡಿಗೆ ಹೋದೋನು ಮಾರನೇ ದಿನ ನಿನ್ನ ಬಯ್ಕೋತಾನೆ ಚಾಕ್. ನನ್ನ ಓದುಗರು ಓದಿದ್ದನ್ನ ವರ್ಷಗಟ್ಟಲೆ ನೆನಪಿಟ್ಕೋತಾರೆ.”

“ಇಟ್ಕೊಂಡು ಏನ್ಮಾಡ್ತಾರೆ? ಉಪ್ಪಿನಕಾಯಿ ಹಾಕ್ತಾರಾ?”

ಅವನನ್ನು ‘ಚಾಕ್’ ಎಂದೇ ಕರೆಯಬೇಕು. ಅಣ್ಣ ಎನ್ನುವುದಕ್ಕೆ ಅದು ಸುರಬಾಯದವರ ಮಾತು, ಅವನು ಸುರಬಾಯದವನು. ಅಲ್ಲಿಯವರದು ಕಡ್ಡಿ ಮುರಿದ ಹಾಗೆ ಮಾತು. ಸೋಲೊದವರೋ, ಪಕ್ಕದ ಮನೆಗೆ ಬೆಂಕಿ ಬಿದ್ದಿದೆ ಎಂದು ಹೇಳಲು ಹೋದಾಗಲೂ ಮೊದಲು ಊಟ ಆಯಿತೇ ಎಂದು ಕೇಳುವ ಜನ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಇಬ್ಬರೂ ಎಳೆದಾಡಿಕೊಂಡಿದ್ದರು. ಆ ಜಗಳ ಆಫೀಸಿನಲ್ಲೇ ಉಳಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಅದು ಸರಿಂತೆನ್ ದೊಡ್ಡಮ್ಮನ ಮಂಡಿಯವರೆಗೆ ಬಂತು.

ಸರಿಂತೆನ್ ಎಂದರೆ ವೆನಿಂಗಳ ತಾಯಿಯ ಅಕ್ಕ, ಅವಳು ‘ಬುಧೆ’ ಎಂದು ಕರೆಯುವ ದೊಡ್ಡಮ್ಮ. ಜಾಮು ಮಾರುವವಳು. ಜಾಮು ಎಂದರೆ ಬೇರು, ಸೊಪ್ಪು, ತಾಳೆಬೆಲ್ಲದ ಕಷಾಯ. ಮೂವತ್ತೆಂಟು ವರ್ಷ ನಸುಕಿನಲ್ಲೆದ್ದು ಅರೆದು, ಕುದಿಸಿ, ಸೋಸಿ, ಎಂಟು ಬಾಟಲಿಗಳನ್ನು ಬಿದಿರ ಬುಟ್ಟಿಯಲ್ಲಿಟ್ಟು, ಆ ಬುಟ್ಟಿಯನ್ನು ಉದ್ದನೆಯ ಶಾಲಿನಿಂದ ಬೆನ್ನಿಗೆ ಬಿಗಿದು, ಲೋಟ ತೊಳೆಯುವ ನೀರಿನ ಬಕೆಟ್ಟು ಹಿಡಿದು ಓಣಿಗೆ ಇಳಿದವಳು. ಇಪ್ಪತ್ತೆರಡು ಮನೆ. ಯಾರ ಸೊಂಟ ಹಿಡಿದಿದೆ, ಯಾವ ಬಾಣಂತಿಗೆ ಹಾಲು ಸಾಲದು, ಯಾವ ಗಂಡಸು ನೆಲಬೇವಿನ ಕಹಿಗೆ ಮಗುವಿನ ಹಾಗೆ ಮುಖ ಕಿವುಚುತ್ತಾನೆ, ಎಲ್ಲ ಅವಳಿಗೆ ಬಾಯಿಪಾಠ. ಪ್ರತಿ ಗೇಟಿನಲ್ಲೂ ಕುಕ್ಕರಗಾಲಲ್ಲಿ ಕೂತು, ಬಗ್ಗಿಸಿ ಕೊಟ್ಟು, ನಾಲ್ಕು ಮಾತು ಕೇಳಿ, ಎದ್ದು ಮುಂದಿನ ಗೇಟು.

ಕೂತು ಏಳುವುದು ಕಷ್ಟವಾದಾಗ ವೆನಿಂಗ್ ಅವಳನ್ನು ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಡಾಕ್ಟರು ಮಂಡಿಯ ಎಕ್ಸ್-ರೇ ನೋಡಿ ಹೇಳಿದ್ದು ಒಂದೇ ಮಾತು: ಬುಟ್ಟಿ ಇಳಿಸಿ, ಇಲ್ಲದಿದ್ದರೆ ಇನ್ನೊಂದು ವರ್ಷಕ್ಕೆ ಹಾಸಿಗೆ ಹಿಡಿಯುತ್ತೀರಿ.

“ಅಂಗಡಿ ಹಾಕೋಣ ಬುಧೆ,” ಎಂದಳು ವೆನಿಂಗ್. “ಜನರನ್ನ ಕರ್ಕೊಂಡು ಬರೋದು ನನ್ನ ಜವಾಬ್ದಾರಿ. ನಾನು ಬರೆಯೋಳಲ್ವಾ?”

ದೊಡ್ಡಮ್ಮ ಒಪ್ಪಿದಳು. ಆದರೆ ಒಂದು ಕರಾರು ಹಾಕಿದಳು. “ಮಂಡಿ ವಿಷಯ ಯಾರಿಗೂ ಹೇಳಕೂಡದು. ಊರೋರ ಮಂಡಿಗೆಲ್ಲ ಮದ್ದು ಕೊಡೋಳ ಮಂಡೀನೇ ಹಾಳಾಗಿದೆ ಅಂದ್ರೆ ನಾಳೆ ಯಾರು ಕುಡೀತಾರೆ ವೆನಿಂಗ್? ಆಣೆ ಮಾಡು.”

ವೆನಿಂಗ್ ಆಣೆ ಮಾಡಿದಳು. ಓಣಿಯ ಬಾಯಲ್ಲಿ ಒಂದು ಮುಂಗೋಣೆ ಹಿಡಿದು, ನಾಲ್ಕು ಬೆಂಚು, ಒಂದು ಉದ್ದನೆಯ ಮೇಜು ಹಾಕಿ ಅಂಗಡಿ ತೆರೆದದ್ದಾಯಿತು. ಇನ್ನು ಜನ ಬರಬೇಕಷ್ಟೇ.

ವೆನಿಂಗ್ ತನಗೆ ಬರುವ ಕೆಲಸವನ್ನೇ ಮಾಡಿದಳು. ಅರಿಶಿನ-ಹುಣಸೆಯ ಜಾಮುವಿನ ಮೇಲೆ ಸಾವಿರದ ಎಂಟುನೂರು ಪದಗಳ ಲೇಖನ ಬರೆದು ಓಣಿಯವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಬೇರನ್ನು ಆರಿಸುವುದು ಹೇಗೆ, ಎಷ್ಟು ಹೊತ್ತು ಕುದಿಸಬೇಕು, ಬೆಲ್ಲ ಯಾವಾಗ ಹಾಕಬೇಕು, ಯಾವ ನೋವಿಗೆ ಎಷ್ಟು, ಒಂದನ್ನೂ ಬಿಡಲಿಲ್ಲ. ಗುಂಪಿನಲ್ಲಿ ಕೈಮುಗಿಯುವ ಚಿತ್ರಗಳ ಸುರಿಮಳೆ. ಹೆಂಗಸರ ತಿಂಗಳ ಕೂಟದಲ್ಲಿ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರಂತೆ. ವೆನಿಂಗ್ ನೆಲದ ಮೇಲೆ ನಿಲ್ಲಲಿಲ್ಲ.

ವಾರದ ನಂತರ ದಾರಿಯಲ್ಲಿ ಸಿಕ್ಕ ಹೆಂಗಸೊಬ್ಬಳು ಅವಳ ಕೈ ಹಿಡಿದುಕೊಂಡು, “ಎಷ್ಟು ಚೆನ್ನಾಗಿ ಬರ್ದಿದ್ದೀಯ ತಾಯಿ! ನೀನು ಹೇಳ್ದಂಗೇ ಮನೇಲೇ ಮಾಡ್ಕೊಂಡ್ವಿ. ನಮ್ಮ ಯಜಮಾನರು ಎರಡು ಲೋಟ ಕುಡಿದ್ರು,” ಎಂದಳು.

ಆಫೀಸಿನಲ್ಲಿ ಇದನ್ನು ಕೇಳಿದ ರೋಕಿಮ್ ಕುರ್ಚಿಯಿಂದ ಬೀಳುವಷ್ಟು ನಕ್ಕ. “ಅಂಗಡಿಗೆ ಜನ ಕರ್ಕೊಂಡ್ ಬಾ ಅಂದ್ರೆ ಮನೆಮನೆಗೂ ಅಂಗಡಿ ಇಟ್ಟುಕೊಟ್ಟು ಬಂದ್ಯಲ್ಲೇ ಮಾರಾಯ್ತಿ!”

ವೆನಿಂಗ್‌ಗೆ ನಗು ಬರಲಿಲ್ಲ. ಆ ಬೆಳಿಗ್ಗೆಯೇ ದೊಡ್ಡಮ್ಮ ಖಾಲಿ ಬೆಂಚುಗಳನ್ನು ಮೂರನೇ ಸಲ ಒರೆಸುತ್ತ ಹೇಳಿದ್ದಳು: “ಮುಂದಿನ ವಾರ ಬಿಟ್ಟು ಅದರ ಮುಂದಿನ ಸೋಮವಾರ ನಮ್ಮ ಪಂಚಾಂಗದ ಪಾಹಿಂಗ್ ಬೀಳುತ್ತೆ. ಒಳ್ಳೇ ದಿನ. ಅವತ್ತಿಂದ ಮತ್ತೆ ಬುಟ್ಟಿ ಹೊರ್ತೀನಿ.” ಕೋಪವಿಲ್ಲ, ದೂರಿಲ್ಲ, ಮಳೆ ಬರಬಹುದು ಎನ್ನುವಷ್ಟು ಸಲೀಸು. ಅವಳು ಬುಟ್ಟಿ ಇಳಿಸಿದ್ದು ವೆನಿಂಗಳ ಮಾತು ನಂಬಿ. ಮತ್ತೆ ಹೊತ್ತರೆ ಆ ಮಂಡಿಗಳ ಕಥೆ ಮುಗಿದ ಹಾಗೆ.

“ನಗೋದು ಸಾಕು ಚಾಕ್,” ಎಂದಳು. “ನೀನೇ ಬರಿ.”

ರೋಕಿಮ್ ಶನಿವಾರ ಬಣ್ಣದ ಡಬ್ಬಿ ಹಿಡಿದು ಬಂದ. ಕೆಂಪು ಹಲಗೆಯ ಮೇಲೆ ಆಳೆತ್ತರದ ಬಿಳಿ ಅಕ್ಷರದಲ್ಲಿ ಬರೆದ: “ನೋವಿದೆಯಾ? ಮತ್ತೆ ಯಾಕೆ ನಿಂತಿದ್ದೀಯಾ? ಒಳಗೆ ಬಾ!”

“ಓದ್ತಿದ್ದಂಗೆ ಕಾಲು ಒಳಗಡೆ ತಿರುಗಬೇಕು. ಅದು ಕಾಪಿ ಅಂದ್ರೆ,” ಎಂದು ಹೆಮ್ಮೆಯಿಂದ ಕೈ ಒರೆಸಿಕೊಂಡ.

ಕಾಲುಗಳೇನೋ ತಿರುಗಿದವು, ಎದುರು ಬದಿಗೆ. ಎರಡು ದಿನದಲ್ಲಿ ಓಣಿಯ ಹಿರಿಯರೆಲ್ಲ ರಸ್ತೆಯ ಆಚೆ ಅಂಚಿನಲ್ಲಿ, ಚರಂಡಿಯ ಕಲ್ಲಿನ ಮೇಲೆ ಸಮತೋಲ ಮಾಡಿಕೊಂಡು ನಡೆಯತೊಡಗಿದರು. ಸೋಮವಾರ ಸಂಜೆ ಓಣಿಯ ಮುಖ್ಯಸ್ಥ ಪಾಕ್ ತುಗಿಮನ್ ಅಂಗಡಿಗೆ ಬಂದರು. ಹವೆಯ ವಿಷಯ ಮಾತಾಡಿದರು. ಮೀನಿನ ವಿಷಯ ಮಾತಾಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು, “ಬಣ್ಣ ತುಂಬಾ ಚೆನ್ನಾಗಿದೆ. ನಮ್ಮ ಓಣಿಯ ವಯಸ್ಸಾದವರ ಕಣ್ಣು ಸ್ವಲ್ಪ ಮಂದ, ಇಷ್ಟು ದೊಡ್ಡ ಅಕ್ಷರ ನೋಡಿದ್ರೆ ತಲೆ ಸುತ್ತಬಹುದೇನೋ ಅಂತ, ಅಷ್ಟೇ,” ಎಂದು ನಕ್ಕು ಹೋದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

“ನೋಡಿದ್ಯಾ, ಅವರಿಗೆ ಇಷ್ಟ ಆಯ್ತು!” ಎಂದ ರೋಕಿಮ್.

ದೊಡ್ಡಮ್ಮ ಆಗಲೇ ಏಣಿ ತರಲು ಹಿತ್ತಲಿಗೆ ಹೋಗಿದ್ದಳು.

ಈ ಸಲ ವೆನಿಂಗ್ ಪಟ್ಟು ಹಿಡಿದಳು. ಚಿಕ್ಕದಾಗಿ ಬರೆಯಬೇಕು ಸರಿ, ಆದರೆ ನಮ್ಮವರ ನಾಲಿಗೆಯಲ್ಲಿ ಬರೆಯಬೇಕು. ಅದೇ ಹಲಗೆಗೆ ತಿಳಿಹಸಿರು ಬಳಿದು, ಮುದ್ದಾದ ಅಕ್ಷರದಲ್ಲಿ, “ಹೀಗೇ ಹೋಗುತ್ತಿದ್ದೀರಾ? ದಯಮಾಡಿ ಒಳಗೆ ಬಂದು, ಸ್ವಲ್ಪ ಕೂತು ಹೋಗಿ” ಎಂದು ಬರೆದಳು. ರೋಕಿಮ್ ಕೂಡ, “ಪರವಾಗಿಲ್ಲ, ಕಲೀತಿದ್ದೀಯ,” ಎಂದ.

ಬುಧವಾರ ಬೆಳಿಗ್ಗೆ ಇಬ್ಬರೂ ಆಫೀಸಿಗೆ ಚಕ್ಕರ್ ಹಾಕಿ ಅಂಗಡಿಯೊಳಗಿನ ಪರದೆಯ ಹಿಂದೆ ಕಾದು ಕೂತರು. ಮೊದಲು ಬಂದದ್ದು ಛತ್ರಿ ಹಿಡಿದ ಒಬ್ಬ ಅಜ್ಜ. ಬೋರ್ಡಿನ ಮುಂದೆ ನಿಂತರು. ಪೂರ್ತಿ ಓದಿದರು. ಬೆನ್ನು ಸ್ವಲ್ಪ ಬಗ್ಗಿಸಿ, ಬೋರ್ಡಿಗೇ, “ಆಗ್ಲಿ ಆಗ್ಲಿ, ಇನ್ನೊಂದ್ಸಲ ಬರ್ತೀನಿ” ಎಂದು ಹೇಳಿ ಮುಂದೆ ಹೋದರು. ಆಮೇಲೆ ಇಬ್ಬರು ಹೆಂಗಸರು. ಅವರೂ ಓದಿ, ಮುಗುಳ್ನಕ್ಕು, “ಇರ್ಲಿ, ತೊಂದ್ರೆ ತಗೋಬೇಡಿ” ಎಂದು ತಲೆಬಾಗಿ ಹೋದರು. ಮಧ್ಯಾಹ್ನದವರೆಗೆ ಓಣಿಗೆ ಓಣಿಯೇ ಆ ಹಲಗೆಗೆ ಮರ್ಯಾದೆಯಿಂದ ಉತ್ತರ ಕೊಟ್ಟು, ಒಬ್ಬರೂ ಒಳಗೆ ಬರದೆ ದಾಟಿತು.

“ಬೋರ್ಡಿಗೆ ಉತ್ತರ ಹೇಳಿ ಹೋಗ್ತಾರಲ್ಲೇ ಇವರು!” ರೋಕಿಮ್ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತ.

ವೆನಿಂಗ್ ಹಣೆ ಚಚ್ಚಿಕೊಂಡಳು. ತಪ್ಪು ಎಲ್ಲಾಗಿದೆ ಎಂದು ಅವಳಿಗೆ ಗೊತ್ತಾಗಿತ್ತು. ಸೋಲೊದಲ್ಲಿ ಮನೆ ಮುಂದೆ ಹಾದುಹೋಗುವವರಿಗೆಲ್ಲ ‘ಬಂದು ಹೋಗಿ’ ಎನ್ನಲೇಬೇಕು, ಹೋಗುವವರು ‘ಆಗಲಿ’ ಎನ್ನಲೇಬೇಕು. ಹೇಳಿದವರಿಗೆ ಬರಲಿ ಎಂದಿರುವುದಿಲ್ಲ, ಕೇಳಿದವರಿಗೆ ಹೋಗಬೇಕೆಂದಿರುವುದಿಲ್ಲ. ನಿಜವಾಗಿ ಒಳಗೆ ನುಗ್ಗಿದವನನ್ನು ನೆರೆಕೆರೆ ಏಳು ವರ್ಷ ಆಡಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ದಿನಕ್ಕಿಪ್ಪತ್ತು ಸಲ ‘ಆಗಲಿ’ ಎನ್ನುತ್ತ ಬೆಳೆದವಳು, ಅದನ್ನೇ ಬೋರ್ಡಿನ ಮೇಲೆ ಬರೆದು ಜನ ಒಳಗೆ ಬರಲಿ ಎಂದು ಕಾದಿದ್ದಳು!

ಶುಕ್ರವಾರ ಹೋಗಿ ಶನಿವಾರ ಬಂತು. ಬೆಳಿಗ್ಗೆ ವೆನಿಂಗ್ ಅಂಗಡಿಗೆ ಹೋದಾಗ ದೊಡ್ಡಮ್ಮ ಅಟ್ಟದಿಂದ ಬುಟ್ಟಿ ಇಳಿಸಿ ಧೂಳು ಕೊಡವುತ್ತಿದ್ದಳು. ವೆನಿಂಗ್ ತಿರುಗಿ ನೇರ ಬು ಹರ್ಜೊ ಅವರ ಮನೆಗೆ ನಡೆದಳು. ಊರೆಲ್ಲ ‘ಬು’, ಅಂದರೆ ಅಮ್ಮ, ಎಂದು ಕರೆಯುವ ಎಪ್ಪತ್ತು ದಾಟಿದ ನಿವೃತ್ತ ಟೀಚರು, ದೊಡ್ಡಮ್ಮನ ದಾರಿಯಲ್ಲಿ ಮೊದಲನೇ ಮನೆ. ಅವರೊಬ್ಬರು ಅಂಗಡಿಗೆ ಬಂದರೆ ಉಳಿದವರು ಹಿಂದೆ ಬರುತ್ತಾರೆ. ಎರಡು ಮಾತು ಕೇಳಿಕೊಂಡು ಎದ್ದುಬಿಡೋಣ ಎಂದೇ ಅವಳು ಕೂತದ್ದು. ಆದರೆ ಬು ಹರ್ಜೊ ಚಹಾ ಬಗ್ಗಿಸಿ, ಲೋಟದ ಮೇಲೆ ಮುಚ್ಚಳ ಹಾಕಿ, ಮುಂದೆ ಇಟ್ಟರು.

“ಬೇಡ ಬು, ನಾನು ಬೇಗ ಹೊರಡ್ಬೇಕು.”

“ಬಗ್ಗಿಸಿದ್ದಾಯ್ತಲ್ಲ.”

ಮುಗಿಯಿತು. ಬಗ್ಗಿಸಿಟ್ಟ ಲೋಟವನ್ನು ಹಾಗೇ ಬಿಟ್ಟು ಏಳುವುದು ಆ ಊರಿನಲ್ಲಿ ಮನೆಯವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಕುದಿಯುವ ಚಹಾ. ಅದು ಆರುವವರೆಗೆ ಮಾತಾಡಲೇಬೇಕು. ಬು ಹರ್ಜೊ ಲೇಖನವನ್ನು ಹೊಗಳಿದರು. ಬೋರ್ಡಿನ ಹಸಿರು ಬಣ್ಣವನ್ನು ಹೊಗಳಿದರು. ಆಮೇಲೆ ಕಿಟಕಿಯಾಚೆ ನೋಡುತ್ತ ಅಂದರು: “ಏಳು ಗಂಟೆಗೆ ಗೇಟಿನ ಬೀಗ ತೆಗೆಯೋ ಅಭ್ಯಾಸ ಇತ್ತು ನಂಗೆ. ಈಗ ಬಿಟ್ಟಿದ್ದೀನಿ. ಯಾರಿಗೋಸ್ಕರ ತೆಗೀಬೇಕು? ದಿನಾ ಬಂದು ‘ನಿದ್ದೆ ಬಂತಾ ಬು’ ಅಂತ ಕೇಳ್ತಿದ್ಲು ನಿಮ್ಮ ಬುಧೆ. ಈಗ ಅಂಗಡಿ ಯಜಮಾನಿ ಆಗಿದ್ದಾಳೆ, ಒಳ್ಳೇದಾಗ್ಲಿ. ನಮ್ಮನ್ನೆಲ್ಲ ಬೋರ್ಡು ಕರೀತಿದೆ.”

ಸೋಲೊದ ಹೆಂಗಸು ಇಷ್ಟು ಹೇಳಿದಳೆಂದರೆ ಒಳಗೆ ಎಷ್ಟು ನೊಂದಿರಬೇಕು! ವೆನಿಂಗ್ ಬಾಯಿ ಸುಟ್ಟರೂ ಚಹಾ ಗುಟುಕರಿಸಿದಳು. ಆಣೆ ಮಾಡಿದ್ದರಿಂದ ಮಂಡಿಯ ಮಾತು ಎತ್ತುವಂತಿರಲಿಲ್ಲ. ಅರಿಶಿನದ ಮೇಲೆ ಸಾವಿರದ ಎಂಟುನೂರು ಪದ ಬರೆದೆ, ಮಳೆ ಗಾಳಿಯನ್ನೂ ಬಿಡಲಿಲ್ಲ, ಆದರೆ ಈ ಜನಕ್ಕೆ ಬೇಕಾಗಿದ್ದ ಒಂದೇ ಒಂದು ಸಂಗತಿಯನ್ನು ಬರೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಲೋಟ ಖಾಲಿಯಾದ ಮೇಲಷ್ಟೇ ಎದ್ದಳು. ಓಣಿಯ ಅರ್ಧಕ್ಕೆ ಬರುವಾಗ ಒಮ್ಮೆಲೇ ನಿಂತು, ಒಬ್ಬಳೇ ನಕ್ಕಳು.

ಸಂಜೆ ಅಂಗಡಿಯಲ್ಲಿ ಮೂವರೂ ಕೂತರು. ವೆನಿಂಗ್ ತಾನು ಕೇಳಿದ್ದನ್ನೂ ತನಗೆ ಹೊಳೆದದ್ದನ್ನೂ ಹೇಳಿದಳು. ಬೋರ್ಡು ಬೇಡ, ಇಪ್ಪತ್ತೆರಡು ಮನೆಗೂ ಚೀಟಿ ಕಳಿಸೋಣ. ಮಂಡಿಯ ವಿಷಯ ಇದ್ದ ಹಾಗೆ ಹೇಳೋಣ.

ರೋಕಿಮ್ ಹೌಹಾರಿದ. “ತಲೆ ಕೆಟ್ಟಿದೆಯಾ ನಿಂಗೆ? ಮಂಡಿ ಮದ್ದು ಮಾರೋಳು ‘ನನ್ನ ಮಂಡಿ ಕೆಟ್ಟಿದೆ’ ಅಂತ ಚೀಟಿ ಹಂಚೋದಾ? ಬೋಳುತಲೆಯವನು ಕೂದಲೆಣ್ಣೆ ಮಾರಿದಂಗಾಗುತ್ತೆ! ನನ್ನ ಹನ್ನೊಂದು ವರ್ಷದ ಕೆಲಸದಲ್ಲಿ ಇಂಥ ಕಾಪಿ ಕಂಡಿಲ್ಲ.”

“ಇದು ಕಾಪಿ ಅಲ್ಲ ಚಾಕ್, ನಿಜ.”

“ಅದನ್ನೇ ನಾನೂ ಹೇಳ್ತಿರೋದು!”

ದೊಡ್ಡಮ್ಮ ಅವರಿಬ್ಬರ ಜಗಳವನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. “ಬು ಹರ್ಜೊ ಗೇಟು ತೆಗೆಯೋದೇ ಬಿಟ್ಟಿದ್ದಾರಾ?” ಎಂದಳು.

“ಹೂಂ ಬುಧೆ.”

“ಏಳು ಗಂಟೆಗೂ ತೆಗೆಯಲ್ವಾ?”

“ಇಲ್ಲ.”

ದೊಡ್ಡಮ್ಮ ಮುಂಗೈಯಿಂದ ಮೂಗು ಒರೆಸಿಕೊಂಡಳು. “ಬರಿ,” ಎಂದಳು.

ವೆನಿಂಗ್ ಬರೆದಳು. ‘ಮೂವತ್ತೆಂಟು ವರ್ಷಗಳ ಹಿಂದೆ, ಒಂದು ಮಂಜಿನ ಬೆಳಿಗ್ಗೆ’ ಎಂದು ಶುರುವಾದದ್ದು ಎರಡು ಪುಟವಾಯಿತು. ರೋಕಿಮ್ ಕೆಂಪು ಪೆನ್ನು ಹಿಡಿದು ಮಂಜನ್ನು ಹೊಡೆದ, ಬೆಳಿಗ್ಗೆಯನ್ನು ಹೊಡೆದ, ಬೇರು, ಬೆಲ್ಲ, ಕೃತಜ್ಞತೆ, ಎಲ್ಲಕ್ಕೂ ಗೆರೆ ಎಳೆದ. ಒಂದೊಂದು ಗೆರೆಗೂ ವೆನಿಂಗ್ ಚೀರಿದಳು. ಕೊನೆಗೆ ಎರಡು ವಾಕ್ಯ ಉಳಿದವು. ಇಷ್ಟು ಬೋಳಾದರೆ ಒರಟಾಗುತ್ತದೆ, ‘ದಯಮಾಡಿ ಬನ್ನಿ’ ಎಂದಾದರೂ ಸೇರಿಸೋಣ ಎಂದು ಅವಳು ಬೇಡಿಕೊಂಡಳು.

“ಬೇಡ,” ಎಂದಳು ದೊಡ್ಡಮ್ಮ. “ಬನ್ನಿ ಅಂದ್ರೆ ‘ಆಗ್ಲಿ’ ಅಂತಾರೆ.”

ಚೀಟಿಯಲ್ಲಿ ಇದ್ದದ್ದು ಇಷ್ಟೇ: “ನನ್ನ ಮಂಡಿ ಕೆಟ್ಟಿದೆ, ನಿಮ್ಮ ಗೇಟಿನವರೆಗೆ ಬರಲಾರೆ. ಸೋಮವಾರ ಏಳು ಗಂಟೆಗೆ ನಿಮ್ಮ ಲೋಟ ಬಗ್ಗಿಸಿಟ್ಟಿರುತ್ತೇನೆ. – ಸರಿಂತೆನ್.”

ಭಾನುವಾರ ವೆನಿಂಗ್ ಓಣಿಯ ಎಡಸಾಲಿಗೆ, ರೋಕಿಮ್ ಬಲಸಾಲಿಗೆ ಹೊರಟರು. ಸುರಬಾಯದವನಿಗೆ ಚೀಟಿ ಕೊಟ್ಟು ಓಡಿಬರಬಹುದೆಂಬ ಅಂದಾಜು. ಹನ್ನೊಂದು ಮನೆಯಲ್ಲೂ ಕೂರಿಸಿ ಚಹಾ ಬಗ್ಗಿಸಿದರು. ಸಂಜೆ ಹೊಟ್ಟೆ ಹಿಡಿದುಕೊಂಡು ಅಂಗಡಿಗೆ ಬಂದವನು, “ನಿಮ್ಮ ಊರಲ್ಲಿ ಜನರನ್ನ ಕಟ್ಟಿಹಾಕೋಕೆ ಹಗ್ಗಾನೇ ಬೇಡ,” ಎಂದು ಹಿತ್ತಲಿಗೆ ಓಡಿದ.

ಸೋಮವಾರ ಏಳಕ್ಕೆ ಉದ್ದನೆಯ ಮೇಜಿನ ಮೇಲೆ ಇಪ್ಪತ್ತೆರಡು ಲೋಟ, ಇಪ್ಪತ್ತೆರಡು ಮುಚ್ಚಳ. ಯಾರಿಗೆ ಏನು ಎಂದು ದೊಡ್ಡಮ್ಮನಿಗೆ ಚೀಟಿ ಬೇಕಿರಲಿಲ್ಲ. ಒಗೆದ ಕೆಬಾಯ ರವಿಕೆ ತೊಟ್ಟು, ಕೂದಲು ಬಿಗಿದು ಕಟ್ಟಿ ನಿಂತಿದ್ದಳು. ಮೂಲೆಯಲ್ಲಿ ಬುಟ್ಟಿ ಇತ್ತು, ಮೇಲೆ ಮಡಿಸಿದ ಶಾಲು ಇತ್ತು, ಒಳಗೆ ಎಂಟು ಬಾಟಲಿ ತುಂಬಿದ್ದವು. ಎಂಟರವರೆಗೆ ನೋಡುತ್ತೇನೆ, ಆಮೇಲೆ ಹೊರಟೆ ಎಂದಿದ್ದಳು.

ಏಳೂ ಐದು. ಏಳೂ ಹದಿನೈದು. ಲೋಟಗಳ ಬಿಸಿ ಆರಿತು. ರೋಕಿಮ್ ಉಗುರು ಕಚ್ಚುತ್ತಿದ್ದ. ವೆನಿಂಗ್ ತನಗೆ ಗೊತ್ತಿದ್ದ ದೇವರ ಹೆಸರನ್ನೆಲ್ಲ ಹೇಳಿಕೊಂಡಳು.

ಏಳೂವರೆಗೆ ಹೊರಗೆ ಕೋಲು ಟಕ್ಕೆಂದಿತು. ಬು ಹರ್ಜೊ ಬೋರ್ಡಿನ ಕಡೆ ತಿರುಗಿಯೂ ನೋಡದೆ ಒಳಗೆ ಬಂದರು.

“ನಂದು ಯಾವುದು?”

“ಎಡಗಡೆಯಿಂದ ಮೊದಲನೇದು ಬು. ಬೆಲ್ಲ ಕಡಿಮೆ.”

ಕೂತು, ಮುಚ್ಚಳ ತೆಗೆದು, ಒಂದೇ ಗುಟುಕಿಗೆ ಮುಗಿಸಿ, ಲೋಟ ಕೆಳಗಿಟ್ಟು, ದೊಡ್ಡಮ್ಮನ ಕಾಲುಗಳನ್ನೇ ನೋಡಿದರು.

“ಎಷ್ಟು ದಿನದಿಂದ?”

“ಮೂರು ವರ್ಷ ಆಯ್ತು ಬು.”

“ಮೂರು ವರ್ಷ! ಆ ಮಂಡಿ ಮೇಲೆ ನಮ್ಮ ಗೇಟಲ್ಲಿ ಕುಕ್ಕರಗಾಲು ಹಾಕಿ ಕೂತು, ನಂಗೆ ನಿದ್ದೆ ಬಂತಾ ಅಂತ ಕೇಳ್ತಿದ್ಯಾ? ನಾನೊಬ್ಳು, ಬಂತು ಇಲ್ಲ ಅಂತ ಉತ್ತರ ಹೇಳ್ಕೊಂಡು ಒಳಗೆ ಹೋಗ್ತಿದ್ದೆ!”

ದೊಡ್ಡಮ್ಮ ಖಾಲಿ ಲೋಟ ಎತ್ತಿಕೊಂಡು ಒರೆಸತೊಡಗಿದಳು. ಊರಿನ ನೋವನ್ನೆಲ್ಲ ಕೇಳಿದವಳ ನೋವನ್ನು ಮೂವತ್ತೆಂಟು ವರ್ಷದಲ್ಲಿ ಓಣಿಯ ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತುಂಬಿತು. ಛತ್ರಿಯ ಅಜ್ಜ ಬಂದರು, ಲೇಖನ ಓದಿ ಮನೆಯಲ್ಲೇ ಜಾಮು ಮಾಡಿಕೊಂಡವಳೂ ಬಂದಳು, ಪಾಕ್ ತುಗಿಮನ್ ಬಂದು ನೆಲಬೇವಿಗೆ ಮುಖ ಕಿವುಚಿದರು. ಒಬ್ಬೊಬ್ಬರೂ ತಮ್ಮ ಲೋಟ ಕೇಳಿ, ಕೂತರು. ಕೂತವರು ಏಳಲಿಲ್ಲ. ಯಾವಳೋ ಒಬ್ಬಳು, “ಅಲ್ಲ, ಮಂಡಿ ಜಾಮು ನಿಂಗೇ ಹಿಡೀಲಿಲ್ವಾ ಮತ್ತೆ?” ಎಂದುಬಿಟ್ಟಳು. ನಾನು ಹೇಳಿರಲಿಲ್ಲವೇ ಎನ್ನುವ ಹಾಗೆ ರೋಕಿಮ್ ಕಣ್ಣು ಮುಚ್ಚಿಕೊಂಡ.

“ಅವಳು ಕುಡಿದಿದ್ರೆ ತಾನೇ ಹಿಡಿಯೋದು?” ಎಂದರು ಬು ಹರ್ಜೊ. “ನಮಗೆಲ್ಲ ಹೊತ್ತು ಹಂಚಿದ ಮೇಲೆ ಇವಳಿಗೆ ಎಲ್ಲಿ ಉಳೀತಿತ್ತು? ಸರಿಂತೆನ್, ಕೂತ್ಕೋ.”

“ಇರ್ಲಿ ಬು, ಕೆಲಸ ಇದೆ.”

“ಕೂತ್ಕೋ ಅಂದೆ.”

ದೊಡ್ಡಮ್ಮ ತನ್ನ ಅಂಗಡಿಯ ಬೆಂಚಿನ ಮೇಲೆ ಮೊದಲ ಸಲ ಕೂತಳು. ಆಮೇಲೆ ಯಾರು ಏನು ಕೇಳಿದರೋ, ಮಂಡಿಯ ಕಥೆ ಶುರುವಾಯಿತು. ಮೊದಲು ಎಲ್ಲಿ ಚಳುಕು ಬಂತು, ಯಾವ ಗೇಟಿನಲ್ಲಿ ಏಳಲಾರದೆ ಬಕೆಟ್ಟು ತೊಳೆಯುವ ನೆಪ ಮಾಡಿ ಕೂತಿದ್ದಳು, ಎಲ್ಲ ಬಂತು. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ರೋಕಿಮ್ ವೆನಿಂಗಳ ಕಿವಿಯಲ್ಲಿ, “ಎರಡು ಸಾವಿರ ಪದ ದಾಟ್ತು. ಇದು ನಿನ್ನ ಇಲಾಖೆ, ನಂಗೆ ಕೈ ಹಾಕೋ ಧೈರ್ಯ ಇಲ್ಲಮ್ಮ,” ಎಂದ. ಅವಳು ಅಳುತ್ತಿದ್ದಳು.

ಗಂಟೆ ಒಂಬತ್ತಾದ ಮೇಲೆ ಬು ಹರ್ಜೊ ಎದ್ದರು. ಬಾಗಿಲ ಕಡೆ ಹೋಗದೆ ಮೂಲೆಗೆ ಹೋಗಿ, ಶಾಲನ್ನು ಪಕ್ಕಕ್ಕಿಟ್ಟು, ಬುಟ್ಟಿಯಿಂದ ಎಂಟು ಬಾಟಲಿಗಳನ್ನೂ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಜೋಡಿಸಿದರು.

“ನಮ್ಮ ಕೋಳಿ ಎಲ್ಲೆಂದ್ರಲ್ಲಿ ಮೊಟ್ಟೆ ಇಡ್ತಿದೆ,” ಎಂದರು. “ಇದನ್ನ ತಗೊಂಡ್ ಹೋಗ್ತೀನಿ.”

ದೊಡ್ಡಮ್ಮ ಏಳಲು ನೋಡಿದಳು. ಮೂವತ್ತೆಂಟು ವರ್ಷದ ಬುಟ್ಟಿ.

“ನಾಳೆ ಎಷ್ಟೊತ್ತಿಗೆ ಬಗ್ಗಿಸ್ತೀಯ?” ಎಂದರು ಬು ಹರ್ಜೊ, ಬುಟ್ಟಿಯನ್ನು ಕಂಕುಳಿಗೆ ಏರಿಸಿಕೊಂಡು.

“ಏಳಕ್ಕೆ ಬು,” ಎಂದಳು ದೊಡ್ಡಮ್ಮ, ಕೂತಲ್ಲಿಂದಲೇ.